ಹುಲ್ಲಿನ ತುದಿಯ ಹನಿ

ಕನ್ನಡದಲ್ಲಿ ‘ನೋಡು’ ಎಂಬ ಮಾತೂ ಉಂಟು, ‘ಕಾಣು’ ಎಂಬ ಮಾತೂ ಉಂಟು. ದಿನಬಳಕೆಯಲ್ಲಿ ನಾವು ಇವೆರಡನ್ನೂ ಬೇರೆಬೇರೆಯೆಂದು ಎಣಿಸುವುದಿಲ್ಲ. ಆದರೂ ‘ನೋಡಿದೆ, ಆದರೆ ಕಾಣಲಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ನಮಗೆ ವಿಚಿತ್ರವಾಗಿ ತೋರದು. ಕಣ್ಣು ಒಂದು ವಸ್ತುವಿನ ಕಡೆಗೆ ತಿರುಗಿದ ಮಾತ್ರಕ್ಕೆ ಆ ವಸ್ತು ಮನಸ್ಸಿಗೆ ಗೋಚರವಾಗಿಯೇ ತೀರಬೇಕೆಂಬ ನಿಯಮವಿಲ್ಲ. ನೋಡುವುದಕ್ಕೂ ಕಾಣುವುದಕ್ಕೂ ನಡುವೆ ಇರುವ ಈ ಅಂತರವನ್ನು ಕಡಮೆ ಮಾಡಿಕೊಳ್ಳುವುದು ಹೇಗೆ, ಅದರಲ್ಲಿ ಕ್ಯಾಮೆರಾ ಎಂಬ ಉಪಕರಣ ನಮಗೆ ನೆರವಾಗಬಲ್ಲುದೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ವಿಚಾರಕ್ಕೆ ಆಧಾರವಾಗಿ ಒಂದು ನೀರಿನ ಹನಿ ಸಾಕು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಒಂದು ಕಾರ್ತಿಕ ಮಾಸದ ಮುಂಜಾನೆ ಕಾಲೇಜಿನ ಹುಲ್ಲುಹಾಸಿನ ಮೇಲೆ ಎಳೆಬಿಸಿಲಿನಲ್ಲಿ ಹನಿಗಳು ಥಳಥಳಿಸುತ್ತಿದ್ದುವು. ಕೈಯಲ್ಲಿ ಕ್ಯಾಮೆರಾ ಇತ್ತು. ಕಾಲು ಗಂಟೆಯೊಳಗೆ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದೆ. ಅವುಗಳಲ್ಲಿ ಅತ್ಯಂತ ಚೆನ್ನಾದುದನ್ನು ಆರಿಸಿ, ದೊಡ್ಡದು ಮಾಡಿಸಿ, ‘ಹುಲ್ಲಿನ ಮೇಲಿನ ಇಬ್ಬನಿ’ ಎಂಬ ಶೀರ್ಷಿಕೆಯೊಡನೆ ಭೌತವಿಜ್ಞಾನ ವಿಭಾಗದ ಗೋಡೆಗೆ ಹಾಕಿದೆ. ನೀರಿನ ಹನಿ ಮಸೂರದಂತೆ ವರ್ತಿಸುವುದನ್ನು ತೋರಿಸಲು ತರಗತಿಯಲ್ಲಿಯೂ ಅದನ್ನು ಬಳಸಿಕೊಂಡೆ. ಪಾಠ ಮುಗಿಯುವ ವೇಳೆಗೆ ಪದವಿ ತರಗತಿಯ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸರ್, ಎಲೆ ತಂಪಾಗಿ ಗಾಳಿಯ ತೇವ ಅದರ ಮೇಲೆ ಕೂಡುವುದರಿಂದ ಇಬ್ಬನಿ ಆಗುತ್ತದೆ ಎಂದಿರಿ. ಹಾಗಾದರೆ ಅದು ಎಲೆಯ ಮೇಲೆಲ್ಲ ಇರಬೇಕಲ್ಲವೆ? ಈ ಚಿತ್ರದಲ್ಲಿ ಪ್ರತಿ ಎಲೆಗೂ ತುದಿಯಲ್ಲಿ ಒಂದೊಂದೇ ಹನಿ ಇದೆಯಲ್ಲ, ಏಕೆ?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ. ಮನೆಗೆ ಹೋಗಿ ಎಲ್ಲ ಚಿತ್ರಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲಿಯೂ ಹಾಗೆಯೇ ಇತ್ತು: ಎಲೆಯೊಂದಕ್ಕೆ ಒಂದು ಹನಿ, ಅದೂ ತುದಿಯಲ್ಲಿ. ಕ್ಯಾಮೆರಾ ನಲವತ್ತು ಬಾರಿ ದಾಖಲೆ ಮಾಡಿದ್ದ ಸಂಗತಿಯನ್ನು ಅದರ ಹಿಂದೆ ನಿಂತಿದ್ದ ನಾನು ಒಮ್ಮೆಯೂ ಕಂಡಿರಲಿಲ್ಲ.

ಕಣ್ಣಿನ ಮಿತಿ

ಇದು ನನ್ನೊಬ್ಬನ ಅಲಕ್ಷ್ಯವೆಂದು ಬಿಟ್ಟುಬಿಡುವಂತಿಲ್ಲ. ಕಣ್ಣಿನ ರಚನೆಯಲ್ಲೇ ಇದಕ್ಕೆ ಕಾರಣವುಂಟು. ನಮ್ಮ ಮುಂದಿನ ದೃಶ್ಯವೆಲ್ಲ ಏಕಕಾಲದಲ್ಲಿ ಸ್ಪಷ್ಟವಾಗಿ ಕಾಣುತ್ತಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಕ್ಷಿಪಟದ ನಡುವೆ ಇರುವ ಒಂದು ಸಣ್ಣ ಕುಳಿಯಲ್ಲಿ ಮಾತ್ರ ಬಿಂಬ ಅತ್ಯಂತ ಸ್ಪಷ್ಟವಾಗಿ ಗ್ರಹಿಸಲ್ಪಡುತ್ತದೆ. ಈ ಕುಳಿಗೆ ಸಿಕ್ಕುವ ದೃಶ್ಯದ ವಿಸ್ತಾರ ಸುಮಾರು 2 ಡಿಗ್ರಿ. ಎಂದರೆ ತೋಳನ್ನು ಪೂರ್ತಿ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಉಳಿದುದೆಲ್ಲ ಮಸುಕು. ಆದುದರಿಂದ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿಯಂತೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುತ್ತ ದೃಶ್ಯವನ್ನು ತುಣುಕು ತುಣುಕಾಗಿ ಸಂಗ್ರಹಿಸುತ್ತದೆ. ತುಣುಕುಗಳ ನಡುವಣ ತೆರಪನ್ನು ಮಿದುಳು ಹಿಂದಿನ ಅನುಭವದಿಂದಲೂ ನಿರೀಕ್ಷೆಯಿಂದಲೂ ತುಂಬಿಕೊಳ್ಳುತ್ತದೆ.

ಈ ಏರ್ಪಾಡು ಬದುಕಿಗೆ ಉಪಕಾರಿಯೇ ಸರಿ. ದಾರಿಯಲ್ಲಿ ನಡೆಯುವಾಗ ಎದುರಾದ ಪ್ರತಿಯೊಂದು ಎಲೆಯನ್ನೂ ಪರೀಕ್ಷಿಸುತ್ತ ನಿಂತರೆ ಯಾರೂ ಊರು ಸೇರುವಂತಿಲ್ಲ. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ‘ಇದು ಇಬ್ಬನಿ’ ಎಂದು ಮನಸ್ಸು ಒಮ್ಮೆ ಹೆಸರಿಟ್ಟುಬಿಟ್ಟರೆ ಅಲ್ಲಿಗೆ ಶೋಧನೆ ನಿಂತುಹೋಗುತ್ತದೆ. ಹೆಸರು ದೊರೆತೊಡನೆ ವಸ್ತುವನ್ನು ಅರಿತಂತಾಯಿತೆಂಬ ಭ್ರಾಂತಿ ನಮ್ಮನ್ನು ಆವರಿಸುತ್ತದೆ.

ವರ್ದಿಂಗ್ಟನ್ ಕಂಡ ಸೌಷ್ಠವ

ಈ ಭ್ರಾಂತಿಗೆ ನುರಿತ ವೀಕ್ಷಕರೂ ಹೊರತಲ್ಲ. ಆರ್ಥರ್ ವರ್ದಿಂಗ್ಟನ್ ಎಂಬ ಇಂಗ್ಲೆಂಡಿನ ಭೌತವಿಜ್ಞಾನಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹನಿಯೊಂದು ಕೆಳಗೆ ಬಿದ್ದು ಸಿಡಿಯುವಾಗ ತಾಳುವ ಆಕಾರಗಳನ್ನು ಅಭ್ಯಾಸಮಾಡುತ್ತಿದ್ದನು. ಕತ್ತಲೆಯ ಕೋಣೆಯಲ್ಲಿ ಹನಿಯನ್ನು ಬೀಳಿಸಿ, ಅದು ಸಿಡಿಯುವ ಸಮಯಕ್ಕೆ ಸರಿಯಾಗಿ ಒಂದು ವಿದ್ಯುತ್ ಕಿಡಿಯನ್ನು ಹಾರಿಸುವನು. ಕಿಡಿಯ ಬೆಳಕು ಸೆಕೆಂಡಿನ ಅತ್ಯಲ್ಪ ಭಾಗದಷ್ಟೇ ಇರುವುದರಿಂದ ಚಲಿಸುವ ನೀರು ನಿಂತಂತೆ ತೋರುವುದು. ಹಾಗೆ ಕಂಡುದನ್ನು ಕೂಡಲೆ ಕೈಯಿಂದ ಚಿತ್ರಿಸಿಕೊಳ್ಳುವನು. ಹಲವು ವರ್ಷಗಳ ಈ ಚಿತ್ರಗಳಲ್ಲಿ ಹನಿಯ ಸುತ್ತ ಎದ್ದ ಕಿರೀಟಗಳು ಅಚ್ಚುಕಟ್ಟಾದ ಸಮಾಂಗತೆಯನ್ನು ಹೊಂದಿದ್ದುವು. ಒಂದೊಂದು ಮೊನೆಯೂ ಸಮವಾದ ಅಂತರದಲ್ಲಿತ್ತು.

1894ರಲ್ಲಿ ಅದೇ ಕಿಡಿಯ ಬೆಳಕಿನಲ್ಲಿ ಛಾಯಾಚಿತ್ರಗಳನ್ನು ತೆಗೆಯುವುದು ಅವನಿಗೆ ಸಾಧ್ಯವಾಯಿತು. ಛಾಯಾಚಿತ್ರದಲ್ಲಿ ಕಿರೀಟಗಳು ಓರೆಕೋರೆಯಾಗಿದ್ದುವು. ಮೊನೆಗಳಲ್ಲಿ ಒಂದು ದಪ್ಪ, ಒಂದು ತೆಳು. ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ವಿರಳ. ವರ್ದಿಂಗ್ಟನ್ ತನ್ನ ಹಳೆಯ ಚಿತ್ರಗಳನ್ನು ಮತ್ತೆ ಪರಿಶೀಲಿಸಿದನು. ಓರೆಯಾದ ಆಕಾರಗಳು ಮೊದಲೂ ಅವನ ಕಣ್ಣಿಗೆ ಬಿದ್ದಿರದೆ ಇರಲಿಲ್ಲ. ಆದರೆ ಅವುಗಳನ್ನು ಆಕಸ್ಮಿಕ ದೋಷವೆಂದು ಬದಿಗಿಟ್ಟು, ಆದರ್ಶವೆಂದು ತನಗೆ ತೋರಿದ ಆಕಾರವನ್ನೇ ಅವನು ಬರೆದುಕೊಂಡಿದ್ದನು. ಈ ತಪ್ಪನ್ನು ಅವನು ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡನೆಂಬುದು ಸ್ಮರಣೀಯವಾದ ವಿಷಯ.

ವರ್ದಿಂಗ್ಟನ್ನನ ಕಣ್ಣನ್ನು ಕ್ಯಾಮೆರಾ ತಿದ್ದಿತು. ನನ್ನ ಸಂದರ್ಭದಲ್ಲಿ ಕ್ಯಾಮೆರಾ ಸತ್ಯವನ್ನು ಎದುರಿಗಿಟ್ಟರೂ ನಾನು ಕುರುಡನಾಗಿಯೇ ಉಳಿದೆ. ಇಬ್ಬರಲ್ಲಿಯೂ ವ್ಯತ್ಯಾಸ ಉಪಕರಣದ್ದಲ್ಲ. ಅವನು ಚಿತ್ರವನ್ನು ತೆಗೆದ ಮೇಲೆ ಅದರ ಮುಂದೆ ಕುಳಿತು ವಿಚಾರಿಸಿದನು. ನಾನು ಚೌಕಟ್ಟು ಹಾಕಿಸಿದೆ.

ಕ್ಯಾಮೆರಾ ಇಲ್ಲದ ಬೆಳಗು

ಮರುವಾರ ಆ ವಿದ್ಯಾರ್ಥಿನಿಯನ್ನೂ ಅವಳ ನಾಲ್ಕಾರು ಸಹಪಾಠಿಗಳನ್ನೂ ಕರೆದುಕೊಂಡು ಬೆಳಗ್ಗೆ ಆರೂವರೆಗೆ ಅದೇ ಹುಲ್ಲುಹಾಸಿಗೆ ಹೋದೆವು. ಕ್ಯಾಮೆರಾವನ್ನೂ ಮೊಬೈಲ್ ಫೋನುಗಳನ್ನೂ ಚೀಲದಲ್ಲೇ ಇಟ್ಟೆವು. ಅರ್ಧ ಗಂಟೆ ಕುಳಿತು ನೋಡುವುದು, ಕಂಡುದನ್ನು ಬರೆಯುವುದು, ಇಷ್ಟೇ ಕೆಲಸ.

ಮೊದಲ ಹತ್ತು ನಿಮಿಷ ಯಾರಿಗೂ ವಿಶೇಷವೇನೂ ತೋರಲಿಲ್ಲ. ಬಳಿಕ ಒಬ್ಬನು, ತುದಿಯ ದೊಡ್ಡ ಹನಿಗಳಲ್ಲದೆ ಕೆಲವು ಎಲೆಗಳ ಮೈಮೇಲೆ ಬೂದಿ ಎರಚಿದಂತೆ ಅತಿ ಸಣ್ಣ ಹನಿಗಳೂ ಇವೆಯೆಂದು ಕಂಡನು. ಮತ್ತೊಬ್ಬಳು, ಮರದ ಕೆಳಗಿನ ಹುಲ್ಲಿನಲ್ಲಿ ಈ ಸಣ್ಣ ಹನಿಗಳು ಇಲ್ಲ, ತುದಿಯ ಹನಿ ಮಾತ್ರ ಇದೆಯೆಂದು ತೋರಿಸಿದಳು. ಹಾಗಾದರೆ ನಮ್ಮ ಮುಂದೆ ಇದ್ದುದು ಒಂದು ವಿದ್ಯಮಾನವಲ್ಲ, ಎರಡು!

ನಿಜವಾದ ಇಬ್ಬನಿ ಉಂಟಾಗುವ ಬಗೆ ಹೀಗಿದೆ. ನಿರ್ಮಲವಾದ ರಾತ್ರಿಯಲ್ಲಿ ಎಲೆ ತನ್ನ ಶಾಖವನ್ನು ವಿಕಿರಣರೂಪದಲ್ಲಿ ಆಕಾಶಕ್ಕೆ ಕಳೆದುಕೊಂಡು ಸುತ್ತಣ ಗಾಳಿಗಿಂತಲೂ ತಂಪಾಗುತ್ತದೆ. ಎಲೆಯ ಉಷ್ಣತೆ ಒಂದು ಮಿತಿಗಿಂತ ಕೆಳಗಿಳಿದಾಗ ಗಾಳಿಯಲ್ಲಿನ ಆವಿ ಅದರ ಮೇಲೆ ನೀರಾಗಿ ಸಾಂದ್ರಿಸುತ್ತದೆ. ಮರದ ಕೊಂಬೆಗಳೋ ಮೋಡವೋ ಆಕಾಶವನ್ನು ಮರೆಮಾಡಿದ್ದರೆ ಎಲೆ ಅಷ್ಟಾಗಿ ತಂಪಾಗದು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತ 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಅತಿ ಸರಳವಾದ ಉಪಾಯದಿಂದ ತೋರಿಸಿಕೊಟ್ಟನು. ಕಾಲುಗಳ ಮೇಲೆ ನಿಲ್ಲಿಸಿದ ಒಂದು ಹಲಗೆಯ ಮೇಲೆ ಉಣ್ಣೆಯ ಒಂದು ಉಂಡೆಯನ್ನೂ, ಕೆಳಗೆ ಅದೇ ತೂಕದ ಇನ್ನೊಂದನ್ನೂ ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಎರಡನ್ನೂ ತೂಗಿದನು. ಆಕಾಶಕ್ಕೆ ಮುಖಮಾಡಿದ್ದ ಉಣ್ಣೆಯೇ ಹೆಚ್ಚು ನೀರನ್ನು ಪಡೆದಿತ್ತು.

ತುದಿಯ ಹನಿಯ ಕಥೆಯೇ ಬೇರೆ. ಹಗಲಿನಲ್ಲಿ ಬೇರು ಹೀರಿದ ನೀರು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತಿರುತ್ತದೆ. ರಾತ್ರಿ ಈ ರಂಧ್ರಗಳು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ. ಮಣ್ಣು ಚೆನ್ನಾಗಿ ತೇವಗೊಂಡಿದ್ದರೆ ಬೇರು ನೀರನ್ನು ಹೀರುತ್ತಲೇ ಇದ್ದು ಒಳಗೆ ಒತ್ತಡವೇರ್ಪಡುತ್ತದೆ. ಆ ಒತ್ತಡಕ್ಕೆ ಸಿಲುಕಿದ ನೀರು ಎಲೆಯ ತುದಿಯಲ್ಲಿಯೋ ಅಂಚಿನಲ್ಲಿಯೋ ಇರುವ ವಿಶೇಷ ಜಲರಂಧ್ರಗಳಿಂದ ಹನಿಯಾಗಿ ಹೊರಬರುತ್ತದೆ. ಸಸ್ಯವಿಜ್ಞಾನದಲ್ಲಿ ಇದನ್ನು ಬಿಂದುಸ್ರಾವವೆನ್ನುತ್ತಾರೆ. ಜೋಳ, ಭತ್ತ ಮೊದಲಾದ ಹುಲ್ಲಿನ ಜಾತಿಯ ಎಳೆಯ ಪೈರುಗಳಲ್ಲಿ ಇದು ಎಲೆಯ ತುದಿಯಲ್ಲಿಯೂ, ಟೊಮ್ಯಾಟೊ ಗಿಡದಲ್ಲಿ ಎಲೆಯ ಅಂಚಿನುದ್ದಕ್ಕೂ ಕಾಣುವುದು. ನಮ್ಮಲ್ಲಿ ಮಳೆಗಾಲ ಮುಗಿಯುತ್ತಿರುವಾಗ ಮಣ್ಣಿನಲ್ಲಿ ತೇವವೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಆದುದರಿಂದ ಎರಡೂ ಬಗೆಯ ಹನಿಗಳು ಒಂದೇ ಬೆಳಗಿನಲ್ಲಿ ದೊರೆಯುತ್ತವೆ.

ಇವುಗಳನ್ನು ಪ್ರತ್ಯೇಕಿಸಲು ಸುಲಭವಾದ ಪರೀಕ್ಷೆಯುಂಟು. ತುದಿಯ ಹನಿಯನ್ನು ಹೀರುಕಾಗದದಿಂದ ಒರೆಸಿ ತೆಗೆದು ಕಾಯುತ್ತ ಕುಳಿತುಕೊಳ್ಳಿ. ಅದು ಒಳಗಿನಿಂದ ಬಂದುದಾದರೆ, ಕೆಲವು ನಿಮಿಷಗಳಲ್ಲಿ ಅದೇ ಸ್ಥಳದಲ್ಲಿ ಹೊಸ ಹನಿ ಮೆಲ್ಲಮೆಲ್ಲನೆ ಉಬ್ಬುತ್ತ ಬರುವುದು. ನಾವು ಒರೆಸಿದ ಹನಿಗಳಲ್ಲಿ ಹಲವು ಹಾಗೆ ಮರಳಿ ಬಂದುವು. ಜೀವವಿಲ್ಲದ ಮಸೂರವೆಂದು ತರಗತಿಯಲ್ಲಿ ನಾನು ತೋರಿಸಿದ್ದುದು ಬೇರಿನಿಂದ ಏರಿಬಂದ ನೀರಾಗಿತ್ತು.

ಹನಿಯೊಳಗಿನ ಬೆಳಕು

ನೋಡಲು ಕುಳಿತವನಿಗೆ ಹನಿ ಇನ್ನೂ ಹಲವು ಪಾಠಗಳನ್ನು ಹೇಳುತ್ತದೆ. ಹನಿಯ ಹತ್ತಿರ ಬಾಗಿ ನೋಡಿದರೆ ಅದರೊಳಗೆ ಮರ, ಕಟ್ಟಡ, ಆಕಾಶ ಎಲ್ಲವೂ ತಲೆಕೆಳಗಾಗಿ ಕಾಣುವುವು. ನೀರಿನ ಗೋಳ ಬಲವಾದ ಪೀನ ಮಸೂರ; ದೂರದಿಂದ ಬಂದ ಕಿರಣಗಳು ಅದನ್ನು ಹಾದು, ಅದರ ಹಿಂಭಾಗದಿಂದ ಸುಮಾರು ಒಂದು ತ್ರಿಜ್ಯದಷ್ಟು ದೂರದಲ್ಲಿ ಕೂಡುತ್ತವೆ.

ಈಗ ಸೂರ್ಯನಿಗೆ ಬೆನ್ನುಮಾಡಿ, ಒಂದು ಕಣ್ಣನ್ನು ಮುಚ್ಚಿ, ತುಸು ಪಕ್ಕದಲ್ಲಿರುವ ಒಂದು ದುಂಡನೆಯ ಹನಿಯನ್ನು ಗುರಿಯಿಟ್ಟು ನೋಡುತ್ತ ತಲೆಯನ್ನು ನಿಧಾನವಾಗಿ ಸರಿಸಿರಿ. ನಿಮ್ಮ ತಲೆಯ ನೆರಳಿನ ದಿಕ್ಕಿಗೂ ಹನಿಯ ದಿಕ್ಕಿಗೂ ನಡುವಣ ಕೋನ ಸುಮಾರು 42 ಡಿಗ್ರಿಯಾದಾಗ ಹನಿ ಕೆಂಪಾಗಿ ಹೊಳೆಯುತ್ತದೆ. ಕೋನ ಕೊಂಚ ಕಡಮೆಯಾದಂತೆ ಹಳದಿ, ಹಸುರು, ನೀಲಿ ಒಂದಾದಮೇಲೊಂದು ತೋರುತ್ತವೆ. ಆಕಾಶದ ಕಾಮನಬಿಲ್ಲನ್ನೇ ಒಂದು ಹನಿಯಲ್ಲಿ ಬಣ್ಣಬಣ್ಣವಾಗಿ ಬಿಡಿಸಿ ನೋಡಿದಂತಾಯಿತು. ತಲೆಯನ್ನು ಅವಸರದಿಂದ ಅಲ್ಲಾಡಿಸಿದರೆ ಬರಿಯ ಮಿನುಗು ಮಾತ್ರ ದಕ್ಕುವುದು.

ನಿಮ್ಮ ನೆರಳು ಇಬ್ಬನಿಯಿಂದ ನೆನೆದ ಹುಲ್ಲಿನ ಮೇಲೆ ನೀಳವಾಗಿ ಬಿದ್ದಿರುವಾಗ ತಲೆಯ ನೆರಳಿನ ಸುತ್ತ ಗಮನಿಸಿರಿ. ಅಲ್ಲಿ ಬಣ್ಣವಿಲ್ಲದ ಒಂದು ಬೆಳಕಿನ ಪ್ರಭೆ ಕಾಣುತ್ತದೆ. ಹನಿಗಳು ಬಿಸಿಲನ್ನು ತಮ್ಮ ಹಿಂದಿನ ಎಲೆಯ ಮೇಲೆ ಒಟ್ಟುಗೂಡಿಸುತ್ತವೆ. ಅಲ್ಲಿಂದ ಚೆದರಿದ ಬೆಳಕು ಅದೇ ಹನಿಯ ಮೂಲಕ ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಆ ದಿಕ್ಕಿನಲ್ಲಿ ಇರುವುದು ನಿಮ್ಮ ಕಣ್ಣಲ್ಲದೆ ಬೇರೆಯಲ್ಲ. 16ನೆಯ ಶತಮಾನದ ಇಟಲಿಯ ಶಿಲ್ಪಿ ಬೆನ್ವೆನುಟೊ ಚೆಲ್ಲೀನಿ ಈ ಪ್ರಭೆಯನ್ನು ಕಂಡು, ಮುಂಜಾನೆ ಹುಲ್ಲು ನೆನೆದಿರುವಾಗ ಅದು ಹೆಚ್ಚು ಸ್ಫುಟವೆಂಬುದನ್ನೂ ಗುರುತಿಸಿ, ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಆದರೆ ಅದನ್ನು ತನಗೆ ದೊರೆತ ದೈವಾನುಗ್ರಹದ ಚಿಹ್ನೆಯೆಂದು ತಿಳಿದನು. ಅವನ ವೀಕ್ಷಣೆ ಸರಿ, ನಿರ್ಣಯ ತಪ್ಪು. ನಾವು ಆರು ಮಂದಿ ಸಾಲಾಗಿ ನಿಂತು ನೋಡಿದೆವು: ಪ್ರತಿಯೊಬ್ಬರಿಗೂ ತಮ್ಮ ತಲೆಯ ಸುತ್ತ ಮಾತ್ರ ಪ್ರಭೆ ಕಂಡಿತು, ಪಕ್ಕದವರ ತಲೆಗೆ ಅದು ಇರಲಿಲ್ಲ!

ಅವಧಾನವೆಂದರೇನು?

ಹೀಗೆ ಒಂದು ವಸ್ತುವಿನ ಮೇಲೆ ಮನಸ್ಸನ್ನು ನಿಲ್ಲಿಸಿ, ಅವಸರಪಡದೆ, ಒಡನೆಯೇ ತೀರ್ಪುಕೊಡದೆ, ಇದ್ದುದನ್ನು ಇದ್ದಂತೆ ಗಮನಿಸುವುದಕ್ಕೆ ಅವಧಾನವೆಂಬ ಹೆಸರು ಸಲ್ಲುತ್ತದೆ. ಬೌದ್ಧರು ಪಾಳಿಯಲ್ಲಿ ‘ಸತಿ’ ಎಂದು ಕರೆದು ಅಭ್ಯಾಸಮಾಡಿಕೊಂಡು ಬಂದ ಸಾಧನೆಯ ತಿರುಳು ಇದೇ ಆಗಿದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿದ್ಯಾಲಯದಲ್ಲಿ ಇದನ್ನು ಆಧರಿಸಿದ ಶಿಕ್ಷಣಕ್ರಮವೊಂದನ್ನು ರೋಗಿಗಳಿಗಾಗಿ ಆರಂಭಿಸಿದ ಬಳಿಕ ಇದು ವೈದ್ಯರ ಗಮನವನ್ನೂ ಸೆಳೆಯಿತು. ಅಲ್ಲಿ ಸಾಮಾನ್ಯವಾಗಿ ಉಸಿರಾಟವೇ ಗಮನದ ಕೇಂದ್ರ. ನಮಗೆ ಹನಿಯೇ ಕೇಂದ್ರ. ಮನಸ್ಸು ಪರೀಕ್ಷೆಯ ಕಡೆಗೋ ಮನೆಯ ಕಡೆಗೋ ಅಲೆದುಹೋಗುವುದು ಸಹಜ. ಹೋದುದು ತಿಳಿದಾಗ, ತನ್ನನ್ನು ತಾನು ಹಳಿದುಕೊಳ್ಳದೆ ಅದನ್ನು ಮತ್ತೆ ಹನಿಯ ಬಳಿಗೆ ಕರೆತರುವುದೇ ಅಭ್ಯಾಸ. ಅರ್ಧ ಗಂಟೆಯಲ್ಲಿ ಐವತ್ತು ಬಾರಿ ಕರೆತರಬೇಕಾಗಿ ಬಂದರೂ ಅಭ್ಯಾಸ ಕೆಟ್ಟಂತಲ್ಲ.

ಕ್ಯಾಮೆರಾದ ಸ್ಥಾನ

ಹಾಗಾದರೆ ಕ್ಯಾಮೆರಾವನ್ನು ಬಿಟ್ಟುಬಿಡಬೇಕೆ? ಬೇಕಿಲ್ಲ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ದಾರಿತೋರುತ್ತದೆ. ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳನ್ನು ಬರಿಗಣ್ಣಿನಿಂದ ನೋಡಲು, ಮತ್ತೆ ಕೆಲವನ್ನು ಛಾಯಾಚಿತ್ರ ತೆಗೆಯಲು ಹೇಳಲಾಯಿತು. ಮರುದಿನ ಪರೀಕ್ಷಿಸಿದಾಗ, ಇಡೀ ವಸ್ತುವಿನ ಚಿತ್ರ ತೆಗೆದವರಿಗೆ ಅದರ ನೆನಪು, ಬರಿದೆ ನೋಡಿದುದರ ನೆನಪಿಗಿಂತ ಕಡಮೆಯಾಗಿತ್ತು. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿ ಹತ್ತಿರದಿಂದ ತೆಗೆದಾಗ ಈ ನಷ್ಟ ಕಂಡುಬರಲಿಲ್ಲ. ಚಿತ್ರದ ಹೊರಗೆ ಉಳಿದ ಭಾಗದ ನೆನಪೂ ಚೆನ್ನಾಗಿತ್ತು. ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಿಕೊಟ್ಟರೆ ನಷ್ಟ. ಯಂತ್ರದ ನೆಪದಿಂದ ನಾವು ಹತ್ತಿರ ಸರಿದರೆ ಲಾಭ.

ಹತ್ತಿರದ ಛಾಯಾಚಿತ್ರ ತಾಳ್ಮೆಯನ್ನು ತಾನೇ ಕಲಿಸುತ್ತದೆ. ಹನಿಯ ಬಿಂಬ ಅದರ ನಿಜಗಾತ್ರದಷ್ಟೇ ಮೂಡುವಂತೆ ಕ್ಯಾಮೆರಾವನ್ನು ಸಮೀಪಕ್ಕೆ ಒಯ್ದಾಗ, ಸ್ಪಷ್ಟವಾಗಿ ಮೂಡುವ ಆಳ ಸಾಧಾರಣವಾಗಿ ಒಂದೆರಡು ಮಿಲಿಮೀಟರನ್ನು ಮೀರದು. ನಾವು ಉಸಿರಾಡಿದರೆ ಸಾಕು, ಹನಿ ಆ ಆಳದಿಂದ ಹೊರಗೆ ಹೋಗುತ್ತದೆ. ಗಾಳಿ ನಿಲ್ಲುವವರೆಗೆ ಕಾಯಬೇಕು, ಕೈ ಸ್ತಿಮಿತವಾಗಬೇಕು. ಅಮೆರಿಕದ ವರ್ಮಾಂಟ್ ಪ್ರಾಂತ್ಯದ ಜೆರಿಕೊ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾವನ್ನು ಜೋಡಿಸಿ ಹಿಮಸ್ಫಟಿಕವೊಂದರ ಛಾಯಾಚಿತ್ರವನ್ನು ತೆಗೆದನು. ಉಸಿರು ತಗುಲಿದರೂ ಕರಗಿಹೋಗುವ ವಸ್ತು ಅದು. ಬೆಚ್ಚಗಿನ ಕೋಣೆಯನ್ನು ಬಿಟ್ಟು ಚಳಿಯಲ್ಲಿಯೇ ನಿಂತು, 1931ರಲ್ಲಿ ತೀರಿಕೊಳ್ಳುವವರೆಗೆ 5,000ಕ್ಕೂ ಹೆಚ್ಚು ಸ್ಫಟಿಕಗಳ ಚಿತ್ರಗಳನ್ನು ಅವನು ಸಂಗ್ರಹಿಸಿದನು. ಇಬ್ಬನಿಯ ಚಿತ್ರಗಳನ್ನೂ ತೆಗೆದನು. ಹಿಟ್ಟಿನ ಮೇಲೆ ಮಳೆಹನಿಗಳನ್ನು ಬೀಳಿಸಿ, ಉಂಟಾದ ಉಂಡೆಗಳಿಂದ ಹನಿಗಳ ಗಾತ್ರವನ್ನು ಅಳೆದನು. ಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ.

ಅಭ್ಯಾಸದ ಕ್ರಮ

ಈ ಅಭ್ಯಾಸವನ್ನು ಕೈಗೊಳ್ಳಬಯಸುವ ವಿದ್ಯಾರ್ಥಿಗಳು ಕೆಳಗಿನ ಕ್ರಮವನ್ನು ಅನುಸರಿಸಬಹುದು. ಒಂದು ಚದರ ಅಡಿಯಷ್ಟು ಜಾಗವನ್ನು ಆರಿಸಿಕೊಂಡು ಹದಿನೈದು ದಿನ ಅದೇ ಜಾಗಕ್ಕೆ ಹೋಗಿರಿ. ಹೊಸ ಹೊಸ ಸ್ಥಳಗಳನ್ನು ಹುಡುಕುವುದು ಬೇಡ. ಮೊದಲ ಹತ್ತು ನಿಮಿಷ ಕ್ಯಾಮೆರಾವನ್ನು ಮುಟ್ಟದೆ, ಕಂಡುದನ್ನು ಹೆಸರಿನಿಂದಲ್ಲದೆ ರೂಪದಿಂದ ಬರೆದುಕೊಳ್ಳಿರಿ: ‘ಇಬ್ಬನಿ’ ಎಂದಲ್ಲ, ‘ತುದಿಯಲ್ಲಿ ಒಂದು ಹನಿ, ಸಾಸಿವೆಗಿಂತ ದೊಡ್ಡದು’ ಎಂದು. ಬಳಿಕ, ಎಷ್ಟು ಸೊಟ್ಟಗಾದರೂ ಸರಿಯೆ, ಒಂದು ರೇಖಾಚಿತ್ರ ಬರೆಯಿರಿ. ಅನಂತರ ಛಾಯಾಚಿತ್ರ ತೆಗೆಯಿರಿ. ಆದರೆ ಹನ್ನೆರಡಕ್ಕೆ ನಿಲ್ಲಿಸಿರಿ. ಹಿಂದೆ ಸುರುಳಿ ಫಿಲ್ಮಿನ ಕ್ಯಾಮೆರಾಗಳಲ್ಲಿ ಹಲವಕ್ಕೆ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳ ಮಿತಿಯಿತ್ತು. ಆ ಬಡತನ ಪ್ರತಿ ಚಿತ್ರಕ್ಕೂ ಮೊದಲು ಯೋಚಿಸುವಂತೆ ಮಾಡುತ್ತಿತ್ತು. ಇಂದು ಅದನ್ನು ನಾವೇ ವಿಧಿಸಿಕೊಳ್ಳಬೇಕಾಗಿದೆ.

ಸಂಜೆ ರೇಖಾಚಿತ್ರವನ್ನೂ ಛಾಯಾಚಿತ್ರವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿರಿ. ಛಾಯಾಚಿತ್ರದಲ್ಲಿದ್ದು ನಿಮ್ಮ ಕೈ ಬಿಟ್ಟುಹೋದದ್ದು ಯಾವುದು, ನಿಮ್ಮ ಬರಹದಲ್ಲಿದ್ದು ಕ್ಯಾಮೆರಾ ಹಿಡಿಯಲಾರದೆ ಹೋದದ್ದು ಯಾವುದು ಎಂದು ಗುರುತುಹಾಕಿ, ಕೊನೆಗೆ ಒಂದು ಪ್ರಶ್ನೆಯನ್ನು ಬರೆದಿಡಿರಿ. ಹನಿ ಉಬ್ಬಿ ಬೆಳೆದುದನ್ನು ಒಂದು ಚಿತ್ರ ಹೇಳಲಾರದು. ತುದಿಯಲ್ಲಿ ಒಂದೇ ಹನಿಯಿದ್ದುದನ್ನು ಅವಸರದ ಕಣ್ಣು ಹೇಳಲಾರದು. ಒಂದನ್ನೊಂದು ತಿದ್ದಲು ಬಿಡಬೇಕು. ಗಿಡವನ್ನು ಕೀಳುವುದಾಗಲಿ, ಚಿತ್ರಕ್ಕೆಂದು ನೀರು ಚಿಮುಕಿಸುವುದಾಗಲಿ ಕೂಡದು. ಕ್ಯಾಮೆರಾದ ಕಿಂಡಿಯ ಮೂಲಕ ಸೂರ್ಯನನ್ನು ನೇರವಾಗಿ ನೋಡಲೇ ಕೂಡದು. ಹುಲ್ಲಿನಲ್ಲಿ ಕೂರುವ ಮೊದಲು ಕಾಲಡಿಯನ್ನೂ ಒಮ್ಮೆ ಗಮನಿಸಿ ನೋಡುವುದು ಒಳ್ಳೆಯದು!

ನಮ್ಮ ವಿಭಾಗದ ಗೋಡೆಯ ಮೇಲೆ ಆ ಹಳೆಯ ಚಿತ್ರ ಈಗಲೂ ಇದೆ. ಶೀರ್ಷಿಕೆ ಮಾತ್ರ ‘ಬಿಂದುಸ್ರಾವ: ಇಬ್ಬನಿಯೆಂದು ತಪ್ಪಾಗಿ ಹೆಸರಿಸಿದುದು’ ಎಂದು ಬದಲಾಗಿದೆ. ಅದರ ಪಕ್ಕದಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ತೆಗೆದ ಚಿತ್ರವಿದೆ. ಅದರಲ್ಲಿ ಒಂದೇ ಎಲೆಯ ಮೈಮೇಲೆ ಇಬ್ಬನಿಯ ಸಣ್ಣ ಕಣಗಳೂ ತುದಿಯಲ್ಲಿ ದೊಡ್ಡ ಹನಿಯೂ ಒಟ್ಟಿಗೆ ಕಾಣುತ್ತವೆ. ಅಂಥ ಎಲೆಯೊಂದನ್ನು ಹುಡುಕಲು ಅವಳಿಗೆ ಒಂಬತ್ತು ಬೆಳಗುಗಳು ಬೇಕಾದುವು. ವಾಚಕರು ತಮ್ಮ ಅಂಗಳದಲ್ಲಿಯೋ ಹೊಲದ ಬದುವಿನಲ್ಲಿಯೋ ಇದನ್ನು ಹುಡುಕಬಹುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯ ಮರುದಿನ ಬೆಳಗ್ಗೆ ಸೂರ್ಯೋದಯಕ್ಕೆ ಮೊದಲೇ ಅಲ್ಲಿರಬೇಕು. ಬಿಸಿಲು ಏರಿದರೆ ಎರಡು ಬಗೆಯ ಹನಿಗಳೂ ಆರಿಹೋಗುತ್ತವೆ.